ಅಜ್ಜನಿಗೆ ಮರೆತುಹೋದ ಮಾತು

ಶಾಲೆ ಬಿಟ್ಟು ಮನೆಗೆ ಹೊರಟ ಪುಟ್ಟ ಹುಡುಗಿಯೊಬ್ಬಳು ಅಜ್ಜನ ಜೊತೆ ಕುಣಿಯುತ್ತ ನಡೆದಿದ್ದಾಳೆ. ನಡುವೆ ಅವಳಿಗೊಂದು ಪ್ರಶ್ನೆ ಹೊಳೆಯುತ್ತದೆ. ಕ್ರೀ ಭಾಷೆಯಲ್ಲಿ ಅಜ್ಜನಿಗೆ ಏನೆನ್ನುತ್ತಾರೆ? ಉತ್ತರ ಹೇಳಬೇಕಾದ ಅಜ್ಜ ಸುಮ್ಮನಾಗುತ್ತಾನೆ. ಅವನಿಗದು ಗೊತ್ತಿಲ್ಲ. ಒಂದು ಕಾಲಕ್ಕೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವನನ್ನು ಮನೆಯಿಂದ ಒಯ್ದ ಶಾಲೆ ಆ ಮಾತುಗಳನ್ನು ಅವನಿಂದ ಕಸಿದುಕೊಂಡಿತ್ತು. ಆಮೇಲೊಂದು ದಿನ ಮೊಮ್ಮಗಳು ಶಾಲೆಯಿಂದ ಹಳೆಯ ಪುಸ್ತಕವೊಂದನ್ನು ತರುತ್ತಾಳೆ. ಅದು ಕ್ರೀ ಭಾಷೆ ಕಲಿಸುವ ಪುಸ್ತಕ. ಅಜ್ಜ ಪುಟ ತಿರುವುತ್ತ, ತಡವರಿಸುತ್ತ ತನ್ನದೇ ಭಾಷೆಯನ್ನು ಮತ್ತೆ ಓದತೊಡಗುತ್ತಾನೆ.

ಇದು 2017ರಲ್ಲಿ ಕೆನಡಾದಲ್ಲಿ ಪ್ರಕಟವಾದ ‘ಸ್ಟೋಲನ್ ವರ್ಡ್ಸ್’ (ಕದ್ದ ಮಾತುಗಳು) ಎಂಬ ಮಕ್ಕಳ ಚಿತ್ರಪುಸ್ತಕದ ಕಥೆ. ಬರೆದಾಕೆ ಮೆಲನಿ ಫ್ಲಾರೆನ್ಸ್, ಕ್ರೀ ಮತ್ತು ಸ್ಕಾಟಿಷ್ ಮೂಲದವರು. ಚಿತ್ರಗಳು ಗೇಬ್ರಿಯಲ್ ಗ್ರಿಮಾರ್ ಅವರವು. ಪುಸ್ತಕದ ಅಜ್ಜ ಮೊಮ್ಮಗಳೊಡನೆ ಮಾತಾಡುತ್ತಾನೆ. ಲೇಖಕಿಯ ಸ್ವಂತ ಅಜ್ಜ ತನ್ನ ಕ್ರೀ ಮೂಲದ ಬಗ್ಗೆ ಆಕೆಯ ಬಳಿ ಬಾಯಿ ಬಿಟ್ಟವರಲ್ಲ. ನಡೆಯದೆ ಹೋದ ಸಂಭಾಷಣೆಯೊಂದನ್ನು ಆಕೆ ಕಾಗದದ ಮೇಲೆ ನಡೆಸಿದ್ದಾರೆ.

ಕ್ರೀ ಜನ ಕೆನಡಾದ ಮೂಲನಿವಾಸಿಗಳಲ್ಲಿ ಅತಿ ದೊಡ್ಡ ಸಮುದಾಯಗಳಲ್ಲೊಂದು. ಪೂರ್ವದಲ್ಲಿ ಕ್ವಿಬೆಕ್‌ನ ಜೇಮ್ಸ್ ಕೊಲ್ಲಿಯಿಂದ ಹಿಡಿದು ಪಶ್ಚಿಮದಲ್ಲಿ ಆಲ್ಬರ್ಟಾದ ಪರ್ವತಗಳ ತಪ್ಪಲಿನವರೆಗೆ, ಕಾಡು, ಸರೋವರ, ಹುಲ್ಲುಗಾವಲುಗಳಲ್ಲಿ ಹರಡಿಕೊಂಡವರು. ಭಾಷೆ ಒಂದೇ ಎಂದರೂ ಅದರಲ್ಲಿ ಹಲವು ಬಗೆ. ಬಯಲುಸೀಮೆಯವರು ‘ಯ’ ಎನ್ನುವ ಕಡೆ ಜೌಗುನಾಡಿನವರು ‘ನ’ ಎನ್ನುತ್ತಾರೆ, ಕಾಡಿನವರು ‘ಥ’ ಎನ್ನುತ್ತಾರೆ, ಜೇಮ್ಸ್ ಕೊಲ್ಲಿಯ ಕಡೆ ಅದೇ ‘ಲ’ ಆಗುತ್ತದೆ. 2021ರ ಜನಗಣತಿಯ ಪ್ರಕಾರ ಕ್ರೀ ಭಾಷೆಗಳಲ್ಲಿ ಮಾತಾಡಬಲ್ಲವರು ಸುಮಾರು 86 ಸಾವಿರ. ಅಲ್ಲಿನ ಮೂಲನಿವಾಸಿ ಭಾಷೆಗಳ ಪೈಕಿ ಇದೇ ಹೆಚ್ಚು. ಆದರೆ 2016ರಲ್ಲಿ ಈ ಸಂಖ್ಯೆ ಇನ್ನೂ ದೊಡ್ಡದಿತ್ತು.

ಈ ಜನರ ಮನೆತನದ ನೆನಪುಗಳನ್ನು ಹೇಳುವ ಚಿತ್ರಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವುಗಳಲ್ಲಿ ಒಂದು ಮಗು, ಒಬ್ಬ ಅಜ್ಜಿ ಅಥವಾ ಅಜ್ಜ. ಅಪ್ಪ ಅಮ್ಮ ಇದ್ದರೂ ಹಿನ್ನೆಲೆಯಲ್ಲಿ. ಅಜ್ಜಿಕಥೆ ಎಲ್ಲ ದೇಶಗಳಲ್ಲೂ ಇರುವುದೇ ತಾನೆ ಎಂದು ತಳ್ಳಿಹಾಕಬಹುದು. ಇಲ್ಲಿ ವಿಷಯ ಅಷ್ಟು ಸರಳವಲ್ಲ. ಮಗುವಿನ ಪ್ರಶ್ನೆಗೆ ಉತ್ತರ ಕೊಡಬೇಕಾದ ನಡುವಿನ ತಲೆಮಾರಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಂತೆ ಮಾಡಲಾಗಿತ್ತು.

ಕ್ರೀ ಭಾಷೆಯಲ್ಲಿ ‘ಅಜ್ಜಿ’ ಎಂಬ ಪದ ಬಿಡಿಯಾಗಿ ನಿಲ್ಲುವುದಿಲ್ಲ. ಯಾರ ಅಜ್ಜಿ ಎಂಬುದನ್ನು ಪದದೊಳಗೇ ಸೇರಿಸಿ ಹೇಳಬೇಕು. ‘ನೋಹ್ಕೊಮ್’ ಎಂದರೆ ನನ್ನಜ್ಜಿ, ‘ಕೋಹ್ಕೊಮ್’ ಎಂದರೆ ನಿನ್ನಜ್ಜಿ. ನಂಟಿಲ್ಲದ ಅಜ್ಜಿ ಆ ವ್ಯಾಕರಣಕ್ಕೇ ಗೊತ್ತಿಲ್ಲ. ಇಂಗ್ಲಿಷ್ ಮನೆಮಾತಾಗಿಬಿಟ್ಟಿರುವ ಕ್ರೀ ಮನೆಗಳಲ್ಲಿ ಈಗ ಮಕ್ಕಳು ತಮ್ಮ ಅಜ್ಜಿಯನ್ನೇ ‘ಕೋಕಮ್’ ಎಂದು ಕೂಗುವುದುಂಟು. ಅಂದರೆ ತನ್ನಜ್ಜಿಯನ್ನು ‘ನಿನ್ನಜ್ಜಿ’ ಎಂದು ಕರೆದಂತೆ! ಹೋಗು, ನಿನ್ನಜ್ಜಿಯನ್ನು ಕೇಳು ಎಂದು ದೊಡ್ಡವರು ಹೇಳಿದ್ದನ್ನು ಕೇಳಿಸಿಕೊಂಡ ಕೂಸು ಅಷ್ಟನ್ನೇ ಹಿಡಿದುಕೊಂಡಿರಬೇಕು. ಅದಕ್ಕಿಂತ ಸೊಗಸಾದ ಪದ ‘ಚಾಪಾನ್’. ಮುತ್ತಜ್ಜಿಗೂ ಅದೇ ಪದ, ಮರಿಮಗುವಿಗೂ ಅದೇ ಪದ. ಹಗ್ಗದ ಎರಡು ತುದಿಗಳಿಗೆ ಒಂದೇ ಹೆಸರಿಟ್ಟ ಹಾಗೆ.

ಆ ಹಗ್ಗವನ್ನು ನಡುವೆ ಕತ್ತರಿಸಿದ್ದು ಹೇಗೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮ್ಯಾನಿಟೋಬ ಪ್ರಾಂತದಲ್ಲಿ ವಿನಿಪೆಗ್ ಸರೋವರದ ಉತ್ತರಕ್ಕೆ ನಾರ್ವೇ ಹೌಸ್ ಎಂಬ ಊರಿದೆ. ಆಗ ಅದು ಹಡ್ಸನ್ಸ್ ಬೇ ಕಂಪನಿಯ ತುಪ್ಪುಳು ವ್ಯಾಪಾರದ ದೊಡ್ಡ ಠಾಣ್ಯ. 1840ರಲ್ಲಿ ಅಲ್ಲಿಗೆ ಬಂದ ಜೇಮ್ಸ್ ಎವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಕ್ರೀ ಭಾಷೆಗೆ ಒಂದು ಲಿಪಿ ಹೊಂದಿಸಿದ. ಅಚ್ಚುಮೊಳೆ ಇರಲಿಲ್ಲ, ಚಹಾ ಪೆಟ್ಟಿಗೆಗಳ ಒಳಗಿನ ಸೀಸದ ತಗಡನ್ನು ಕರಗಿಸಿ ಮೊಳೆ ಎರಕ ಹೊಯ್ದ. ಮಸಿಯೂ ಮೀನೆಣ್ಣೆಯೂ ಸೇರಿ ಶಾಯಿಯಾಯಿತು. ತುಪ್ಪುಳದ ಮೂಟೆಗಳನ್ನು ಅದುಮುವ ಯಂತ್ರವೇ ಮುದ್ರಣ ಯಂತ್ರವಾಯಿತು. ಕಾಗದದ ಬದಲು ಬರ್ಚ್ ಮರದ ತೊಗಟೆ, ಅಂದರೆ ನಮ್ಮ ಹಿಮಾಲಯದ ಭೂರ್ಜಪತ್ರದ ಸೋದರ ಜಾತಿ.

ಕನ್ನಡಿಗರಿಗೆ ಈ ಲಿಪಿಯ ಹದ ಒಡನೆಯೇ ಹಿಡಿದೀತು. ನಮ್ಮ ಕಾಗುಣಿತದಲ್ಲಿ ವ್ಯಂಜನದ ಆಕಾರ ಹಾಗೆಯೇ ಇದ್ದು ತಲೆಕಟ್ಟು, ಗುಡಿಸು, ಕೊಂಬುಗಳಿಂದ ಸ್ವರ ಬದಲಾಗುತ್ತದಲ್ಲವೆ? ಕ್ರೀ ಲಿಪಿಯಲ್ಲಿ ಅಕ್ಷರವನ್ನೇ ತಿರುಗಿಸಿದರೆ ಸ್ವರ ಬದಲಾಗುತ್ತದೆ. ಇಂಗ್ಲಿಷಿನ ‘ವಿ’ಯಂತಹ ಗುರುತನ್ನು ನೆಟ್ಟಗಿಟ್ಟರೆ ‘ಪೇ’, ತಲೆಕೆಳಗು ಮಾಡಿದರೆ ‘ಪಿ’, ಮೂತಿ ಬಲಕ್ಕಿಟ್ಟರೆ ‘ಪೋ’, ಎಡಕ್ಕಿಟ್ಟರೆ ‘ಪ’. ಎವಾನ್ಸ್‌ಗೆ ದೇವನಾಗರಿಯ ಪರಿಚಯವಿದ್ದು ಅದರಿಂದಲೇ ಈ ಯೋಚನೆ ಹೊಳೆದಿರಬಹುದೆಂದು ಕೆಲವು ವಿದ್ವಾಂಸರ ಊಹೆ. ಕ್ರೀ ಹಿರಿಯರ ಮಾತೇ ಬೇರೆ. ಮಿಸ್ತನಸ್ಕೋವೆವ್ ಎಂಬ ಪುಣ್ಯಾತ್ಮ ಸತ್ತು ಪರಲೋಕ ಕಂಡು ಮರಳಿದಾಗ ಈ ಅಕ್ಷರಗಳನ್ನು ವರವಾಗಿ ತಂದನೆಂದು ಅವರು ಹೇಳುತ್ತಾರೆ. ಮೂಲ ಯಾವುದೇ ಇರಲಿ, ಲಿಪಿ ಕಾಳ್ಗಿಚ್ಚಿನಂತೆ ಹಬ್ಬಿತು. ಬೇಟೆಗಾರರು ಒಬ್ಬರಿಂದೊಬ್ಬರು ಕಲಿತು ತೊಗಟೆಯ ಮೇಲೆ ಇದ್ದಿಲಿನಿಂದ ಕಾಗದ ಬರೆದು ದಾರಿಯಲ್ಲಿ ಬಿಟ್ಟುಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದರೆ ಇವರು ನಿರಕ್ಷರಿಗಳಲ್ಲ. ತಮ್ಮ ಭಾಷೆಯನ್ನು ತಮ್ಮ ಅಕ್ಷರದಲ್ಲಿ ಓದುತ್ತಿದ್ದ ಜನ. ಈ ಮಾತನ್ನು ನೆನಪಿಟ್ಟುಕೊಂಡು ಮುಂದಕ್ಕೆ ಹೋಗಬೇಕು.

1876ರಲ್ಲಿ ಬಯಲುಸೀಮೆಯ ಕ್ರೀ ನಾಯಕರು ಬ್ರಿಟಿಷ್ ರಾಣಿಯ ಪ್ರತಿನಿಧಿಗಳೊಡನೆ ‘ಆರನೆಯ ಒಪ್ಪಂದ’ಕ್ಕೆ ಸಹಿ ಹಾಕಿದರು. ನೆಲದ ಬದಲಿಗೆ ಬಂದ ಆಶ್ವಾಸನೆಗಳಲ್ಲಿ ಒಂದು ಶಾಲೆ. ಜನ ಬಯಸಿದಾಗ ಅವರವರ ಮೀಸಲು ಪ್ರದೇಶದಲ್ಲೇ ಶಾಲೆ ನಡೆಸುವುದಾಗಿ ಅದರಲ್ಲಿ ಬರೆದಿತ್ತು. ಏಳೇ ವರ್ಷಗಳಲ್ಲಿ, 1883ರಲ್ಲಿ, ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ ಸರ್ಕಾರ ಬೇರೆಯೇ ದಾರಿ ಹಿಡಿಯಿತು. ಮಕ್ಕಳು ಮನೆಯಲ್ಲಿದ್ದರೆ ತಂದೆತಾಯಿಯಂತೆಯೇ ಆಗುತ್ತಾರೆ, ಆದ್ದರಿಂದ ಅವರನ್ನು ದೂರ ಒಯ್ಯಬೇಕು ಎಂಬುದೇ ವಾದ. ಸರ್ಕಾರದ ಹಣ, ಚರ್ಚುಗಳ ಆಡಳಿತ. ಹೀಗೆ ವಸತಿಶಾಲೆಗಳು ಎದ್ದವು. 1920ರ ಕಾನೂನು ತಿದ್ದುಪಡಿ ಮಕ್ಕಳನ್ನು ಕಳಿಸುವುದನ್ನು ಕಡ್ಡಾಯ ಮಾಡಬಲ್ಲ ಅಧಿಕಾರ ಕೊಟ್ಟಿತು. 1990ರ ದಶಕದ ಕೊನೆಯವರೆಗೆ ನಡೆದ ಈ ವ್ಯವಸ್ಥೆಯಲ್ಲಿ ಕ್ರೀ ಮತ್ತಿತರ ಮೂಲನಿವಾಸಿ ಸಮುದಾಯಗಳ ಸುಮಾರು ಒಂದೂವರೆ ಲಕ್ಷ ಮಕ್ಕಳು ಹಾದುಹೋದರು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಬಂದ ದಿನವೇ ಜಡೆ ಕತ್ತರಿಸುವುದು, ಒಂದೇ ಬಣ್ಣದ ಬಟ್ಟೆ, ಅಣ್ಣತಂಗಿಯರನ್ನು ಬೇರೆ ಮಾಡುವುದು, ತಾಯ್ನುಡಿ ಆಡಿದರೆ ಶಿಕ್ಷೆ. ಎವಾನ್ಸ್‌ನಂತಹ ಪಾದ್ರಿಗಳು ತೊಗಟೆಯ ಮೇಲೆ ಅಚ್ಚು ಹಾಕಿದ ಭಾಷೆಯನ್ನು ಅವರ ನಂತರದ ಪಾದ್ರಿಗಳೇ ಮಕ್ಕಳ ಬಾಯಿಂದ ಒರೆಸಿಹಾಕಿದರು.

ಇಂಥ ಶಾಲೆಯಿಂದ ಹೊರಬಂದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಕ್ರೀ ಕಲಿಸಲಿಲ್ಲ. ತಾವು ತಿಂದ ಏಟು ಮಕ್ಕಳಿಗೆ ಬೇಡ ಎಂಬ ಪ್ರೀತಿಯೇ ಅದಕ್ಕೆ ಕಾರಣವಾಗಿದ್ದುಂಟು. ಹೀಗೆ ಹೇಳುವವರಿಲ್ಲದ ಮನೆಗಳಿಗೆ ಪುಸ್ತಕ ಬಂತು.

ಮೊದಲ ಹೆಜ್ಜೆಗಳಲ್ಲಿ ಒಂದು ಸಸ್ಕಾಚವಾನ್ ಪ್ರಾಂತದಲ್ಲಿ. ಫ್ರೆಡಾ ಅಹೆನಾಕ್ಯೂ (1932–2011) ಕ್ರೀ ಭಾಷೆಯ ವ್ಯಾಕರಣ ಬರೆದ ವಿದುಷಿ, ಮೇಷ್ಟ್ರು. ಅವರ ತರಗತಿಯ ವಿದ್ಯಾರ್ಥಿಗಳು ಕ್ರೀಯಲ್ಲಿ ಬರೆದ ಕಥೆಗಳನ್ನು ಅನುವಾದಿಸಿ 1988ರಲ್ಲಿ ಮಕ್ಕಳ ಪುಸ್ತಕಗಳಾಗಿ ಹೊರತಂದರು. ಬರ್ಚ್ ಮರಕ್ಕೆ ಪಟ್ಟೆಗಳು ಬಂದದ್ದು ಹೇಗೆ, ಇಲಿಯ ಹಲ್ಲು ಕಂದಾದದ್ದು ಹೇಗೆ ಎಂಬಂತಹ ಕಥೆಗಳು. ಚಿತ್ರ ಬರೆದವನು ಜಾರ್ಜ್ ಲಿಟಲ್‌ಚೈಲ್ಡ್ ಎಂಬ ತರುಣ. ಇವನ ಕಥೆಯೇ ಒಂದು ಪುಸ್ತಕಕ್ಕೆ ಸಾಲುವಂಥದ್ದು, ಆಯಿತು ಕೂಡ. 1958ರಲ್ಲಿ ಹುಟ್ಟಿದ ಈತನ ತಾಯಿ ಕ್ರೀ, ತಂದೆ ಬಿಳಿಯ. ಬೆಳೆದದ್ದು ಪರರ ಮನೆಗಳಲ್ಲಿ. ವಸತಿಶಾಲೆಗಳ ಕಾವು ಇಳಿಯುತ್ತಿದ್ದಾಗ ಸರ್ಕಾರ ಮೂಲನಿವಾಸಿ ಮಕ್ಕಳನ್ನು ಎತ್ತಿ ಬಿಳಿಯರ ಮನೆಗಳಲ್ಲಿ ಬೆಳೆಯಲು ಬಿಡುತ್ತಿದ್ದ ಕಾಲವದು. ದೊಡ್ಡವನಾದ ಮೇಲೆ ಆತ ತಾಯಿಯ ಮನೆತನವನ್ನು ಹುಡುಕಿಕೊಂಡ. 1993ರಲ್ಲಿ ಬಂದ ‘ದಿಸ್ ಲ್ಯಾಂಡ್ ಈಸ್ ಮೈ ಲ್ಯಾಂಡ್’ ಪುಸ್ತಕವನ್ನು ತನ್ನ ಹಿರಿಯರಿಗೆ ಅರ್ಪಿಸಿ, ಅವರ ಹಳೆಯ ಭಾವಚಿತ್ರಗಳನ್ನು ಅದರಲ್ಲೇ ಅಚ್ಚು ಹಾಕಿಸಿದ. ಕೆಂಪು, ನೇರಳೆ ಕುದುರೆಗಳೂ ನಕ್ಷತ್ರಗಳೂ ತುಂಬಿದ ಆ ಬಣ್ಣದ ಹಬ್ಬದ ನಡುವೆ ಈ ಕಪ್ಪುಬಿಳುಪಿನ ಮುಖಗಳು ನೋಡುವವರನ್ನೇ ದಿಟ್ಟಿಸುತ್ತವೆ. ಮರುವರ್ಷ ಅದಕ್ಕೆ ಅಮೆರಿಕದ ಜೇನ್ ಆಡಮ್ಸ್ ಪ್ರಶಸ್ತಿ ಬಂತು.

ಅಹೆನಾಕ್ಯೂ ಆರಿಸಿದ ಕಥೆಗಳ ಬಗ್ಗೆ ಒಂದು ಮಾತು. ಕ್ರೀ ಜನ ಕಥೆಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಸೃಷ್ಟಿಯ ಕಾಲದ ಪವಿತ್ರ ಕಥೆಗಳು ಒಂದು ಬಗೆ, ‘ಆತಯೋಹ್ಕೇವಿನ್’. ವೀಸಾಹ್ಕೇಚಾಹ್ಕ್ ಎಂಬ ಕಿಲಾಡಿ ಇವುಗಳ ನಾಯಕ. ಇವನ್ನು ಹಿಮ ಬಿದ್ದ ಮೇಲೆಯೇ ಹೇಳಬೇಕೆಂಬ ಕಟ್ಟಳೆಯಿದೆ. ಕಂಡದ್ದು, ಕೇಳಿದ್ದು, ಮನೆಯಲ್ಲಿ ನಡೆದದ್ದನ್ನು ಹೇಳುವುದು ‘ಆಚಿಮೋವಿನ್’. ಅದಕ್ಕೆ ಋತುವಿನ ಕಟ್ಟಿಲ್ಲ. ಅಚ್ಚಾದ ಪುಸ್ತಕವನ್ನಂತೂ ಯಾರು ಯಾವ ತಿಂಗಳಲ್ಲಿ ಬೇಕಾದರೂ ತೆರೆಯಬಹುದು. ಈಚಿನ ಕ್ರೀ ಚಿತ್ರಪುಸ್ತಕಗಳು ಹೆಚ್ಚಾಗಿ ಎರಡನೆಯ ಬಗೆಗೇ ವಾಲಿರುವುದಕ್ಕೆ ಇದೂ ಒಂದು ಕಾರಣವಿದ್ದೀತು. ಆದರೆ ಮುಖ್ಯ ಕಾರಣ ಬೇರೆ: ಹೇಳದೆ ಉಳಿದುಬಿಟ್ಟಿದ್ದು ಮನೆಯ ಸುದ್ದಿಯೇ.

ನಾಟಕಕಾರ ಟಾಮ್ಸನ್ ಹೈವೇ 1951ರಲ್ಲಿ ಮ್ಯಾನಿಟೋಬದ ಉತ್ತರ ತುದಿಯಲ್ಲಿ ಹುಟ್ಟಿದವರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಕ್ಯಾರಿಬೂ ಎಂಬ ಹಿಮಸಾರಂಗದ ಬೇಟೆಗಾರ, ನಾಯಿಗಾಡಿ ಓಟದಲ್ಲಿ ಹೆಸರಾದವನು. 2001ರಿಂದ 2003ರ ನಡುವೆ ಹೈವೇ ಮೂರು ಚಿತ್ರಪುಸ್ತಕಗಳನ್ನು ಕ್ರೀ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಟ್ಟರು. ‘ಕ್ಯಾರಿಬೂ ಸಾಂಗ್’ನಲ್ಲಿ ಜೋ ಮತ್ತು ಕೋಡಿ ಎಂಬ ಅಣ್ಣತಮ್ಮಂದಿರು ಅಕಾರ್ಡಿಯನ್ ನುಡಿಸಿ, ಕುಣಿದು ಸಾರಂಗಗಳನ್ನು ಕರೆಯುತ್ತಾರೆ; ನಿಜವಾಗಿಯೂ ಸಾವಿರಾರು ಸಾರಂಗಗಳ ಹಿಂಡು ಅವರ ಮೇಲೆಯೇ ನುಗ್ಗಿಬರುತ್ತದೆ. ಮಕ್ಕಳು ಹೋದರೆಂದೇ ತಂದೆತಾಯಿ ನಡುಗುತ್ತಿದ್ದರೆ ಅವರು ಬಂಡೆಯ ಮೇಲೆ ಕೂತು ನಗುತ್ತಿದ್ದಾರೆ. ‘ಡ್ರ್ಯಾಗನ್‌ಫ್ಲೈ ಕೈಟ್ಸ್’ನಲ್ಲಿ ಅದೇ ಹುಡುಗರು ಏರೋಪ್ಲೇನ್ ಚಿಟ್ಟೆಯ ನಡುವಿಗೆ ದಾರ ಕಟ್ಟಿ ಗಾಳಿಪಟದಂತೆ ಹಾರಿಸುತ್ತಾರೆ. ನಮ್ಮ ಹಳ್ಳಿಗಳ ಬೇಲಿ ಸಂದಿಯಲ್ಲಿ ಈ ಆಟ ಆಡಿದವರಿಗೆ ಅಷ್ಟು ದೂರದ ಉತ್ತರ ಧ್ರುವದ ಸೆರಗು ಥಟ್ಟನೆ ಹತ್ತಿರವಾದೀತು.

ಹೈವೇಯವರ ಈ ಮೂರೂ ಪುಸ್ತಕಗಳಲ್ಲಿ ವಸತಿಶಾಲೆಯ ಸುಳಿವೇ ಇಲ್ಲ. ಆರನೆಯ ವಯಸ್ಸಿಗೆ ಅವರೂ ಅಂಥ ಶಾಲೆಗೆ ಹೋದವರೇ. ಅಲ್ಲಿನ ಕೇಡನ್ನು ದೊಡ್ಡವರಿಗಾಗಿ 1998ರ ಕಾದಂಬರಿಯಲ್ಲಿ ಬರೆದರು. 2021ರ ಆತ್ಮಕಥೆಯಲ್ಲಿ ಬಾಲ್ಯದ ನಗುವನ್ನೇ ಮುಂದಿಟ್ಟರು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನಾಯಿಗಾಡಿ ಇಷ್ಟೇ ಇರುವ ಈ ಸಂತೋಷ ಕಳಕೊಂಡದ್ದರ ಬೆಲೆ ಎಷ್ಟೆಂಬುದನ್ನು ದುಃಖದ ಪುಟಗಳಿಗಿಂತ ಚೆನ್ನಾಗಿ ಹೇಳುತ್ತದೆ ಎನ್ನಬೇಕು.

ಚಿತ್ರಕಾರ ಆಲನ್ ಸ್ಯಾಪ್ (1928–2015) ಅವರದು ಮತ್ತೊಂದು ಬಗೆ. ಸಸ್ಕಾಚವಾನಿನ ರೆಡ್ ಫೆಸೆಂಟ್ ಮೀಸಲು ಪ್ರದೇಶದಲ್ಲಿ ರೋಗಿಷ್ಠ ಹುಡುಗನಾಗಿ ಅಜ್ಜಿಯ ಆರೈಕೆಯಲ್ಲಿ ಬೆಳೆದವರು. ಕೊಳ್ಳುವವರಿಗೆ ಹಿಡಿಸಲೆಂದು ಬೆಟ್ಟ, ಪ್ರಾಣಿಗಳ ಚಿತ್ರ ಬರೆದು ಮಾರುತ್ತಿದ್ದರು. 1966ರಲ್ಲಿ ಆಲನ್ ಗೋನರ್ ಎಂಬ ವೈದ್ಯರು, ನಿನಗೆ ಗೊತ್ತಿರುವುದನ್ನೇ ಬರೆ ಎಂದರು. ಆಮೇಲೆ ಸ್ಯಾಪ್ ಬರೆದದ್ದೆಲ್ಲ ಅಜ್ಜಿಯ ಲೋಕ: ಹಿಮದಲ್ಲಿ ಕಟ್ಟಿಗೆ ಒಡೆಯುವವರು, ಕುದುರೆಬಂಡಿ, ಮರದ ದಿಮ್ಮಿಯ ಮನೆ. ಈ ಚಿತ್ರಗಳಿಗೆ ಡೇವಿಡ್ ಬೂಷಾರ್ ಮಾತು ಹೊಂದಿಸಿ 2002ರಲ್ಲಿ ‘ದ ಸಾಂಗ್ ವಿದಿನ್ ಮೈ ಹಾರ್ಟ್’ ಆಯಿತು. ಮೊದಲ ಬಾರಿ ಪೌವೌ ಎಂಬ ಕುಣಿತದ ಕೂಟಕ್ಕೆ ಹೋಗುವ ಹುಡುಗ, ಅವನ ಪಕ್ಕದಲ್ಲಿ ಅಜ್ಜಿ. 2003ರ ಗವರ್ನರ್ ಜನರಲ್ ಪ್ರಶಸ್ತಿ ಅದರ ಚಿತ್ರಗಳಿಗೆ ಸಂದಿತು. ಸ್ಯಾಪ್ ಅವರಿಗೆ ಆಗ ಎಪ್ಪತ್ತೈದು ವರ್ಷ.

ಅದೇ 2002ರಲ್ಲಿ ಲ್ಯಾರಿ ಲೋಯಿ (1933–2016) ಬರೆದ ‘ಆಸ್ ಲಾಂಗ್ ಆಸ್ ದ ರಿವರ್ಸ್ ಫ್ಲೋ’ ಹೊರಬಂತು. ಆಲ್ಬರ್ಟಾದ ಸ್ಲೇವ್ ಲೇಕ್ ಊರಿನ ಲೋಯಿ ಐವತ್ತು ದಾಟಿದ ಮೇಲೆ ಮತ್ತೆ ತರಗತಿಯಲ್ಲಿ ಕೂತು ಬರವಣಿಗೆ ಕಲಿತವರು. ಪುಸ್ತಕದ ತುಂಬ 1944ರ ಒಂದೇ ಬೇಸಿಗೆ. ಹುಡುಗರು ತಾಯಿಯಿಲ್ಲದ ಗೂಬೆಮರಿಯೊಂದನ್ನು ಸಾಕುತ್ತಾರೆ, ಹಣ್ಣು ಆಯುತ್ತಾರೆ, ಗಿಡಮೂಲಿಕೆಗಳ ಹೆಸರು ಕಲಿಯುತ್ತಾರೆ. ಕೋಲಿನಂತೆ ಸಣಕಲಾದ ಅಜ್ಜಿ ಬೆಲ್ಲಾ ಟ್ವಿನ್ ದೈತ್ಯ ಗ್ರಿಜ್ಲಿ ಕರಡಿಯನ್ನು ಪುಟ್ಟ ಬಂದೂಕಿನಿಂದ ಹೊಡೆದುರುಳಿಸುತ್ತಾಳೆ. ಇದು ಕಟ್ಟುಕಥೆಯಲ್ಲ. ಬೆಲ್ಲಾ ಟ್ವಿನ್ 1953ರಲ್ಲಿ ಮೊಲ, ಹಕ್ಕಿ ಹೊಡೆಯುವ ಪಾಯಿಂಟ್ ಇಪ್ಪತ್ತೆರಡು ಬಂದೂಕಿನಿಂದ ಕೊಂದ ಕರಡಿ ಆ ಕಾಲಕ್ಕೆ ಜಾಗತಿಕ ದಾಖಲೆ. ಮೊಮ್ಮಗ ಅಜ್ಜಿಯ ಪರಾಕ್ರಮವನ್ನು ಒಂಬತ್ತು ವರ್ಷ ಹಿಂದಕ್ಕೆ ತಂದು ತನ್ನ ಕೊನೆಯ ಬೇಸಿಗೆಯೊಳಗೆ ಸೇರಿಸಿಕೊಂಡಿದ್ದಾನೆ. ಅದನ್ನು ತಪ್ಪೆನ್ನಲು ಮನಸ್ಸು ಬಾರದು. ಪುಸ್ತಕದ ಕೊನೆಗೆ ಮಕ್ಕಳನ್ನು ಒಯ್ಯಲು ಲಾರಿ ಬರುತ್ತದೆ. ಶಾಲೆಯ ಒಳಗೆ ಏನಾಯಿತೆಂದು ಅಲ್ಲಿ ಹೇಳಿಲ್ಲ. ಓದುತ್ತಿರುವ ಮಗುವಿಗೆ ಗೂಬೆಮರಿಯ ಗತಿ ಏನು ಎಂಬ ಚಿಂತೆಯೇ ಸಾಕು.

2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಸತ್ಯ ಮತ್ತು ಸಾಮರಸ್ಯ ಆಯೋಗ ಸಾವಿರಾರು ಮಂದಿಯ ಹೇಳಿಕೆ ಪಡೆದು 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು. ಶಿಶುವಿಹಾರದಿಂದಲೇ ಈ ಇತಿಹಾಸ ಕಲಿಸಬೇಕೆಂಬುದು ಅವುಗಳಲ್ಲೊಂದು. ಐದು ವರ್ಷದ ಮಗುವಿಗೆ ಇದನ್ನು ಹೇಳುವುದಾದರೂ ಹೇಗೆ? ಸುಳ್ಳು ಹೇಳಬಾರದು, ಹೆದರಿಸಲೂ ಬಾರದು.

ಆ ಇಕ್ಕಟ್ಟಿಗೆ ದಾರಿ ಕಂಡುಕೊಂಡವರು ವಿನಿಪೆಗ್‌ನ ಡೇವಿಡ್ ರಾಬರ್ಟ್‌ಸನ್. ಚಿತ್ರ ಬರೆದವರು ಕ್ರೀ–ಮೆಟಿ ಮೂಲದ ಜೂಲಿ ಫ್ಲೆಟ್. 2016ರ ‘ವೆನ್ ವಿ ವರ್ ಅಲೋನ್’ (ನಾವಷ್ಟೇ ಇದ್ದಾಗ) ಪುಸ್ತಕದಲ್ಲಿ ತೋಟದ ಕೆಲಸದ ನಡುವೆ ಮೊಮ್ಮಗಳು ಅಜ್ಜಿಯನ್ನು ಕೇಳುತ್ತಾಳೆ: ಇಷ್ಟೊಂದು ಬಣ್ಣದ ಬಟ್ಟೆ ಏಕೆ, ಇಷ್ಟುದ್ದ ಜಡೆ ಏಕೆ, ಕ್ರೀಯಲ್ಲೇ ಮಾತೇಕೆ, ತಮ್ಮನ ಜೊತೆಗೇ ಇರುವುದೇಕೆ. ಪ್ರತಿ ಉತ್ತರಕ್ಕೂ ಎರಡು ಮಡಿಕೆ. ಮೊದಲು ಶಾಲೆ ಕಿತ್ತುಕೊಂಡದ್ದು. ಆಮೇಲೆ ಯಾರೂ ನೋಡದಾಗ ಮಕ್ಕಳು ಅದನ್ನು ಮರಳಿ ಪಡೆದದ್ದು. ಬಣ್ಣದ ಬಟ್ಟೆ ಇಲ್ಲದವರು ಉದುರಿದ ಬಣ್ಣದೆಲೆಗಳಲ್ಲಿ ಹೊರಳಿದರು. ಜಡೆ ಕಳಕೊಂಡವರು ಉದ್ದ ಹುಲ್ಲನ್ನು ಕೂದಲಿಗೆ ಹೆಣೆದುಕೊಂಡರು. ಬಯಲಿನಲ್ಲಿ ಅವಿತು ಕ್ರೀಯಲ್ಲಿ ಪಿಸುಗುಟ್ಟಿದರು. ಶಾಲೆಯನ್ನು ಗೆದ್ದೆವೆಂಬ ಘೋಷಣೆ ಎಲ್ಲೂ ಇಲ್ಲ. ಅಜ್ಜಿಯ ಇವತ್ತಿನ ಬಣ್ಣದ ಸೀರುಡೆಯೇ ಅದನ್ನು ಹೇಳುತ್ತದೆ. ಫ್ಲೆಟ್ ಅವರ ಚಿತ್ರಗಳಲ್ಲಿ ಖಾಲಿ ಜಾಗ ಬಹಳ. ಅದರಲ್ಲಿ ಪುಟ್ಟ ಮಕ್ಕಳು ಇನ್ನೂ ಪುಟ್ಟದಾಗಿ ಕಾಣುತ್ತಾರೆ. 2017ರಲ್ಲಿ ಪುಸ್ತಕಕ್ಕೆ ಗವರ್ನರ್ ಜನರಲ್ ಪ್ರಶಸ್ತಿ ಬಂತು.

ಈ ಗಂಭೀರ ಸಾಲಿನಲ್ಲಿ ನಗಿಸುವ ಪುಸ್ತಕವೂ ಇದೆ. ಡಲಾಸ್ ಹಂಟ್ 2018ರಲ್ಲಿ ಬರೆದ ಪುಸ್ತಕದ ಹುಡುಗಿ ಆವಾಸಿಸ್ (ಆ ಪದಕ್ಕೆ ಮಗು ಎಂದೇ ಅರ್ಥ) ಅಜ್ಜಿ ಕೊಟ್ಟ ಬ್ಯಾನಕ್ ಕಳಕೊಂಡು ಕಾಡಿನ ಪ್ರಾಣಿಗಳ ನೆರವು ಬೇಡುತ್ತಾಳೆ. ಬ್ಯಾನಕ್ ಎಂದರೆ ಗೋಧಿಹಿಟ್ಟಿನ ದಪ್ಪ ರೊಟ್ಟಿ. ಹೆಸರು ಸ್ಕಾಟ್ಲೆಂಡಿನದು, ಹಿಟ್ಟು ವ್ಯಾಪಾರಿಗಳು ತಂದದ್ದು, ರುಚಿ ಮಾತ್ರ ಕ್ರೀ ಅಜ್ಜಿಯದು. ಪುಸ್ತಕದ ಕೊನೆಗೆ ಮಾಡುವ ವಿಧಾನವೂ ಇದೆ.

ಇವುಗಳಲ್ಲಿ ಬಹುಪಾಲು ಪುಸ್ತಕಗಳು ಇಂಗ್ಲಿಷಿನಲ್ಲಿದ್ದು ನಡುನಡುವೆ ಹತ್ತಿಪ್ಪತ್ತು ಕ್ರೀ ಪದಗಳನ್ನಷ್ಟೇ ಇಟ್ಟುಕೊಂಡಿವೆ. ಇಷ್ಟರಿಂದ ಭಾಷೆ ಉಳಿದೀತೆ? ಉಳಿಯದು. ಆದರೆ ಆ ಪದಗಳು ಯಾವುವೆಂದು ನೋಡಬೇಕು. ಅಜ್ಜಿ, ಅಜ್ಜ, ರೊಟ್ಟಿ, ಹಣ್ಣು, ಚಂದ್ರ: ಹೊರಗಿನವರಿಗೆ ತೋರಿಸಲು ಇಟ್ಟವಲ್ಲ, ಮನೆಯಲ್ಲಿ ಕೂಗಿ ಕರೆಯುವ ಮಾತುಗಳು.

ರಾಬರ್ಟ್‌ಸನ್ ಅವರ ಮನೆತನದ ಊರು ಅದೇ ನಾರ್ವೇ ಹೌಸ್. ಆದರೆ ವಿನಿಪೆಗ್ ನಗರದಲ್ಲಿ ಬೆಳೆದ ಅವರಿಗೆ ತಾನು ಕ್ರೀ ಎಂಬುದೇ ಬಾಲ್ಯದಲ್ಲಿ ಗೊತ್ತಿರಲಿಲ್ಲ. ತಂದೆ ಡಾನ್ ಎಳವೆಯನ್ನು ಕಳೆದದ್ದು ಟ್ರ್ಯಾಪ್‌ಲೈನಿನಲ್ಲಿ, ಅಂದರೆ ತುಪ್ಪುಳದ ಪ್ರಾಣಿಗಳಿಗೆ ಉರುಳು, ಬೋನು ಇಡುತ್ತ ಹೋಗುವ ಕಾಡುದಾರಿಯಲ್ಲಿ. ಆಗ ಅವರಿಗೆ ಬರುತ್ತಿದ್ದುದು ಕ್ರೀ ಒಂದೇ; ಆಮೇಲೆ ಸೇರಿದ ಶಾಲೆಯಲ್ಲಿ ಅದನ್ನು ಆಡುವಂತಿರಲಿಲ್ಲ. ಮುಪ್ಪಿನಲ್ಲಿ ತಂದೆ, ನಡುವಯಸ್ಸಿನ ಮಗ ಇಬ್ಬರೂ ಕೂಡಿ ಆ ಜಾಗಕ್ಕೆ ಮತ್ತೆ ಹೋಗಿಬಂದರು. 2019ರಲ್ಲಿ ತಂದೆ ತೀರಿಕೊಂಡರು. 2021ರಲ್ಲಿ ‘ಆನ್ ದ ಟ್ರ್ಯಾಪ್‌ಲೈನ್’ ಬಂದು ರಾಬರ್ಟ್‌ಸನ್, ಫ್ಲೆಟ್ ಜೋಡಿಗೆ ಎರಡನೆಯ ಬಾರಿ ಅದೇ ಪ್ರಶಸ್ತಿ ತಂದಿತು. ಅದರಲ್ಲಿ ಮೊಮ್ಮಗ ಅಜ್ಜನ ಜೊತೆ ವಿಮಾನ ಹತ್ತಿ, ದೋಣಿಯಲ್ಲಿ ಕೂತು, ಅಜ್ಜನ ಬಾಲ್ಯಕ್ಕೆ ಹೋಗುತ್ತಾನೆ.

ಇದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ‘ನಾವಷ್ಟೇ ಇದ್ದಾಗ’ ಪುಸ್ತಕಕ್ಕೆ ಹೊಸ ಆವೃತ್ತಿ ಬಂದಿತ್ತು. ಬಯಲಿನಲ್ಲಿ ಅವಿತು ಪಿಸುಗುಟ್ಟುವ ಆ ಅಜ್ಜಿಯ ಕಥೆ ಅದರಲ್ಲಿ ಇಂಗ್ಲಿಷಿನ ಜೊತೆಗೆ ಜೌಗುನಾಡಿನ ಕ್ರೀ ಭಾಷೆಯಲ್ಲೂ ಇದೆ. ರೋಮನ್ ಅಕ್ಷರಗಳಲ್ಲಿ ಒಮ್ಮೆ. ನಾರ್ವೇ ಹೌಸ್‌ನಲ್ಲಿ ಚಹಾ ಪೆಟ್ಟಿಗೆಯ ಸೀಸದಿಂದ ಮೊದಲು ಮೂಡಿದ, ತಿರುಗಿಸಿದರೆ ಸ್ವರ ಬದಲಾಗುವ ಆ ಅಕ್ಷರಗಳಲ್ಲಿ ಇನ್ನೊಮ್ಮೆ.